ತಟ್ಟೆಯೊಳಗಿನ ಬೋರ್ಡು: ಒಂದು 18 ವೋಲ್ಟ್ ಬ್ಯಾಟರಿ ಪ್ಯಾಕ್ ಬಿಚ್ಚಿ ನೋಡಿದಾಗ

ಕಾರ್ಡ್‌ಲೆಸ್ ಡ್ರಿಲ್ಲಿಗೆ ಹಾಕುವ ಬ್ಯಾಟರಿ ಪ್ಯಾಕ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಆಂಪಿಯರ್ ಅವರ್, ಅಂದರೆ ಅದರಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕದಿಂದ ಶುರು ಮಾಡುತ್ತಾರೆ. ನಾನು ಸೆಲ್‌ಗಳ ಮೇಲೆ ಕೂತು ಅವುಗಳನ್ನು ಕಾಯುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನಿಂದ ಶುರು ಮಾಡುತ್ತೇನೆ. ರಿಪೇರಿಗೆಂದು ನನ್ನ ಮೇಜಿಗೆ ಬರುವ ಪ್ಯಾಕ್‌ಗಳಲ್ಲಿ ಎಷ್ಟೋ ಸಲ ಸೆಲ್‌ಗಳು ಗಟ್ಟಿಮುಟ್ಟಾಗಿಯೇ ಇರುತ್ತವೆ, ಕೈಕೊಟ್ಟಿರುವುದು ಬೋರ್ಡು. ಹತ್ತು ಒಳ್ಳೆಯ ಸೆಲ್‌ಗಳು ಒಂದು ಬೋರ್ಡಿನ ದೆಸೆಯಿಂದ ಕಸಕ್ಕೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಈ ವಿಮರ್ಶೆಯ ಪ್ಯಾಕ್ ನನ್ನ ಕೈಗೆ ಬಂದದ್ದು ಬೇರೆ ಕಾರಣಕ್ಕೆ. ಬ್ಯಾಟರಿ ಪ್ಯಾಕಿನ ನಿಯಂತ್ರಣ ಸರ್ಕ್ಯೂಟನ್ನು ಕಾಪಾಡುವ ವಿಧಾನದ ಮೇಲೆ ಪೇಟೆಂಟ್ ಮೇಲ್ಮನವಿಯೊಂದು ನಡೆಯುತ್ತಿತ್ತು. ಅದಕ್ಕೆ ತಾಂತ್ರಿಕ ಟಿಪ್ಪಣಿ ಬರೆದುಕೊಡುವ ಕೆಲಸ ನನ್ನದು. ಯಾರು ಯಾರ ಮೇಲೆ ಎನ್ನುವುದನ್ನು ಹೇಳುವಂತಿಲ್ಲ, ಕಂಪನಿಯ ಹೆಸರೂ ಬೇಡ. ಆದರೆ ಪ್ಯಾಕಿನ ಗುಣದೋಷ ಹೇಳುವುದಕ್ಕೆ ಅಡ್ಡಿಯಿಲ್ಲ, ಮೇಲ್ಮನವಿಯಲ್ಲಿ ಕೇಳಿದ ಪ್ರಶ್ನೆಗಳು ಈ ಪ್ಯಾಕನ್ನು ಅಳೆಯುವುದಕ್ಕೂ ಒದಗುತ್ತವೆ.

ಮೊದಲು ಮೇಲ್ನೋಟ. 18650 ಅಳತೆಯ, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಹತ್ತು ಲಿಥಿಯಂ ಅಯಾನ್ ಸೆಲ್‌ಗಳು. ಎರಡೆರಡು ಸಮಾಂತರವಾಗಿ, ಅಂಥ ಐದು ಜೋಡಿ ಸರಣಿಯಲ್ಲಿ. ಒಂದು ಸೆಲ್ಲಿಗೆ 3.6 ವೋಲ್ಟ್ ಎಂದರೆ ಒಟ್ಟು 18 ವೋಲ್ಟ್. ಪೂರ್ತಿ ಚಾರ್ಜ್ ಆದಾಗ ಸೆಲ್ಲಿಗೆ 4.2 ವೋಲ್ಟಿನಂತೆ 21. ಸಾಮರ್ಥ್ಯ 5 ಆಂಪಿಯರ್ ಅವರ್. ಹಿಡಿತ ಚೆನ್ನಾಗಿದೆ, ಡ್ರಿಲ್ಲಿಗೆ ಕೂರುವಾಗ ಕೊಕ್ಕೆ ಗಟ್ಟಿಯಾಗಿ ಬೀಳುತ್ತದೆ. ಇಷ್ಟು ಸಾಕು, ಈ ಮಟ್ಟದಲ್ಲಿ ಒಳ್ಳೆಯ ಪ್ಯಾಕ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ.

ಹೊರಗವಚದ ಸ್ಕ್ರೂ ಬಿಚ್ಚಿದರೆ ಕಾಣುವುದೇ ಬೇರೆ. (ಅನುಭವ ಇಲ್ಲದವರು ದಯವಿಟ್ಟು ಬಿಚ್ಚಬೇಡಿ. ಒಳಗೆ ಸ್ವಿಚ್ ಎಂಬುದಿಲ್ಲ, ನಿಕ್ಕಲ್ ಪಟ್ಟಿಗಳ ಮೇಲೆ ಸ್ಕ್ರೂಡ್ರೈವರ್ ಜಾರಿದರೆ ಕಿಡಿ ಹಾರಿ ಕೈ ಸುಡುತ್ತದೆ.) ಸಾಮಾನ್ಯ ಪ್ಯಾಕಿನಲ್ಲಿ ಸೆಲ್ ಹಿಡಿದಿಡುವ ಚೌಕಟ್ಟಿಗೆ ಬೋರ್ಡನ್ನು ನೇರವಾಗಿ ಸ್ಕ್ರೂ ಮಾಡಿ, ಮೇಲೆ ತೆಳು ಲೇಪನ ಸಿಂಪಡಿಸಿರುತ್ತಾರೆ. ಇಲ್ಲಿ ಬೋರ್ಡು ಒಂದು ಪ್ಲಾಸ್ಟಿಕ್ ತಟ್ಟೆಯೊಳಗೆ ಮಲಗಿದೆ. ತಟ್ಟೆಗೆ ಸುತ್ತ ಅಂಚು, ಆ ಅಂಚಿನವರೆಗೆ ಮಂಕು ಬಣ್ಣದ ರೆಸಿನ್ (ದ್ರವವಾಗಿ ಸುರಿದು ಗಟ್ಟಿ ಮಾಡುವ ಅಂಟಿನಂಥ ವಸ್ತು). ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗಿ ಮತ್ತೆ ಮೇಲೇಳುತ್ತದೆ, ಅಂದರೆ ಗಡಸು ಎಪಾಕ್ಸಿಯಲ್ಲ, ಮೆತ್ತನೆಯ ಜಾತಿ. ಒಳ್ಳೆಯ ಆಯ್ಕೆ. ಗಡಸು ರೆಸಿನ್ ಬಿಸಿ-ತಂಪಿಗೆ ಹಿಗ್ಗಿ ಕುಗ್ಗುವಾಗ ಸಣ್ಣ ಬಿಡಿಭಾಗಗಳ ಬೆಸುಗೆಯನ್ನು ಎಳೆದು ಬಿರುಕು ಬಿಡಿಸಬಲ್ಲದು. ಡ್ರಿಲ್ಲಿನ ಪ್ಯಾಕಿಗೆ ಬಿಸಿ-ತಂಪು ದಿನನಿತ್ಯದ ಪಾಡು.

ರೆಸಿನ್ನಿನಿಂದ ನಿಕ್ಕಲ್ ಪಟ್ಟಿಗಳ ತುದಿಗಳು ಮೇಲೆದ್ದಿವೆ. ಇವು ಒಂದೊಂದು ಜೋಡಿ ಸೆಲ್ಲಿನ ವೋಲ್ಟೇಜನ್ನು ಬೋರ್ಡಿಗೆ ಮುಟ್ಟಿಸುವ ದಾರಿಗಳು. ನಾನು ಹೆಚ್ಚು ಹೊತ್ತು ಭೂತಗನ್ನಡಿ ಹಿಡಿದು ಕೂತದ್ದು ಇವುಗಳ ಬುಡದಲ್ಲಿ. ಪ್ರತಿ ಪಟ್ಟಿಯ ಬುಡದಲ್ಲಿ ರೆಸಿನ್ ಸ್ವಲ್ಪ ಮೇಲೇರಿ ಬಾಗಿ ನಿಂತಿದೆ, ಅದರಿಂದ ಮೇಲಕ್ಕೆ ಲೋಹ ಚೊಕ್ಕವಾಗಿದೆ. ಇನ್ನೂ ಮೇಲೆ ಸ್ಪಾಟ್ ವೆಲ್ಡಿನ ಚುಕ್ಕೆಗಳು, ಅವುಗಳಲ್ಲಿ ರೆಸಿನ್ನಿನ ಎಳೆಯೂ ಇಲ್ಲ. ಸೆಲ್‌ಗಳ ಮೈಮೇಲೆ ಒಂದು ಹನಿಯೂ ಇಲ್ಲ. ಕೋಟಿಂಗ್‌ಗಳಲ್ಲಿ ಹೊಳೆಯುವ ವಸ್ತು ಬೆರೆಸಿರುವುದುಂಟು, ಅಲ್ಟ್ರಾವೈಲೆಟ್ ಟಾರ್ಚ್ ಹಿಡಿದರೆ ನೀಲಿಯಾಗಿ ಕಾಣುತ್ತದೆ. ಇಲ್ಲಿ ತಟ್ಟೆಯ ಆಚೆ ಬೆಳಕು ಹಾಯಿಸಿದರೆ ಎಲ್ಲವೂ ಕತ್ತಲು, ಟರ್ಮಿನಲ್‌ಗಳ ಬುಡದಲ್ಲಿ ಮಾತ್ರ ನೀಲಿಯ ಗೆರೆ.

ಇದರ ಅರ್ಥ, ಮೊದಲು ಬೋರ್ಡನ್ನು ತಟ್ಟೆಯಲ್ಲಿಟ್ಟು ರೆಸಿನ್ ಸುರಿದು ಗಟ್ಟಿ ಮಾಡಿದ್ದಾರೆ, ಸೆಲ್‌ಗಳಿಗೆ ಬೆಸೆದದ್ದು ಆಮೇಲೆ. ಈ ಕ್ರಮದಲ್ಲೇ ಇಡೀ ಪ್ಯಾಕಿನ ಜಾಣ್ಮೆ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸೆಲ್ ಜೋಡಿಸಿದ ಮೇಲೆ ರೆಸಿನ್ ಸುರಿದರೆ ಅದು ಪಟ್ಟಿ, ತಂತಿ ಹಿಡಿದು ಸಂದುಗಳಲ್ಲಿ ಹರಿದು ಸೆಲ್ಲಿನ ಧನ ತುದಿಯವರೆಗೂ ಹೋಗಬಹುದು. ಒಳಗೆ ಅನಿಲದ ಒತ್ತಡ ಏರಿದಾಗ ಹೊರಬಿಡುವ ಸುರಕ್ಷತಾ ದ್ವಾರ ಅಲ್ಲೇ ಇರುವುದು. ಅದರ ಬಾಯಿ ಕಟ್ಟಿದರೆ ಕಾಪಾಡಲು ಹೋಗಿ ಅಪಾಯ ತಂದುಕೊಂಡಂತೆ. ಶಾಖದ ಮಾತೂ ಇದೆ. ಇಂಥ ಸೆಲ್‌ಗಳನ್ನು ಸಾಮಾನ್ಯವಾಗಿ 60 ಡಿಗ್ರಿ ಸೆಲ್ಸಿಯಸ್ ದಾಟಿಸಬಾರದು. ಬರೀ ಬೋರ್ಡಾದರೆ 80 ಡಿಗ್ರಿಯ ಒಲೆಯಲ್ಲಿಟ್ಟು ರೆಸಿನ್ ಬೇಗ, ಪೂರ್ತಿಯಾಗಿ ಗಟ್ಟಿ ಮಾಡಬಹುದು. ಬೋರ್ಡು ಪರೀಕ್ಷೆಯಲ್ಲಿ ಸೋತರೆ ಬಿಸಾಡುವುದು ಒಂದು ಬೋರ್ಡು, ಹತ್ತು ಸೆಲ್ ಅಲ್ಲ.

ಬೋರ್ಡನ್ನು ಇಷ್ಟು ಜೋಪಾನ ಮಾಡಬೇಕೇ ಎಂದು ಕೇಳುವವರಿಗೆ ಒಂದು ಲೆಕ್ಕ. ಬೋರ್ಡಿನ ಮೇಲೆ ಪಕ್ಕಪಕ್ಕದ ತಾಮ್ರದ ದಾರಿಗಳ ನಡುವೆ ಸದಾ ಡಿಸಿ ವೋಲ್ಟೇಜ್ ಇರುತ್ತದೆ, ಡ್ರಿಲ್ ಪೆಟ್ಟಿಗೆಯಲ್ಲಿ ಮಲಗಿದ್ದರೂ ಅದು ಹೋಗುವುದಿಲ್ಲ. ಮೇಲೆ ಲೋಹದ ಪುಡಿ, ಸಿಮೆಂಟ್ ದೂಳು, ಬೆವರಿನ ಉಪ್ಪು ಕೂತು ತೇವ ಹಿಡಿಯಿತು ಅನ್ನಿ. ಎರಡು ದಾರಿಗಳ ನಡುವೆ 10 ಕಿಲೋ ಓಮ್ ಪ್ರತಿರೋಧದ ಸೋರಿಕೆ ದಾರಿ ಆದರೂ 4 ವೋಲ್ಟಿನ ಜೋಡಿಯಿಂದ 0.4 ಮಿಲಿಆಂಪಿಯರ್ ಸದ್ದಿಲ್ಲದೆ ಹರಿಯುತ್ತದೆ. ವರ್ಷಕ್ಕೆ 8,760 ಗಂಟೆ, ಅಂದರೆ ಸುಮಾರು 3.5 ಆಂಪಿಯರ್ ಅವರ್. 5 ಆಂಪಿಯರ್ ಅವರ್ ಪ್ಯಾಕಿನಲ್ಲಿ ಆ ಒಂದು ಜೋಡಿಯ ಸುಮಾರು ಶೇ. 70ರಷ್ಟು ಶಕ್ತಿ ಯಾರೂ ಬಳಸದೆ ಖಾಲಿ! ಉಳಿದ ನಾಲ್ಕು ಜೋಡಿ ತುಂಬಿರುತ್ತವೆ, ಒಂದು ತಳ ಕಂಡಿರುತ್ತದೆ, ಚಾರ್ಜರ್ ನೋಡಿ ಕೆಂಪು ದೀಪ ಮಿಟುಕಿಸುತ್ತದೆ. ಸೋರಿಕೆ ಮುಂದುವರಿದರೆ ಲೋಹ ಕರಗಿ ಒಂದು ದಾರಿಯಿಂದ ಇನ್ನೊಂದಕ್ಕೆ ಎಳೆಯಾಗಿ ಬೆಳೆಯುತ್ತದೆ. ಆಗ ಆಗುವುದು ಶಾರ್ಟ್ ಸರ್ಕ್ಯೂಟ್.

ತೆಳು ಲೇಪನ ಸಾಲದೇ? ಚೆನ್ನಾಗಿ ಹಾಕಿದರೆ ಬಹುಪಾಲು ಸಾಕು. ಅಕ್ರಿಲಿಕ್ ಲೇಪನವೆಂದರೆ 30ರಿಂದ 130 ಮೈಕ್ರಾನ್ ದಪ್ಪ. ಕಷ್ಟ ಬರುವುದು ಚೂಪು ಅಂಚುಗಳಲ್ಲಿ. ಬಿಡಿಭಾಗಗಳ ಕಾಲಿನ ತುದಿಯಲ್ಲಿ ದ್ರವ ನಿಲ್ಲದೆ ಜಾರುತ್ತದೆ, ಕನೆಕ್ಟರಿನ ನೆರಳಿನಲ್ಲಿ ಸಿಂಪಡಣೆ ತಾಕುವುದೇ ಇಲ್ಲ. ತುಕ್ಕು ಶುರುವಾಗುವುದು ಆ ಬರಿದಾದ ಜಾಗದಿಂದಲೇ. ನಾನು ಬಿಚ್ಚಿದ ಸಿಂಪಡಣೆಯ ಬೋರ್ಡುಗಳಲ್ಲಿ ಹಸಿರುಗಟ್ಟಿದ್ದ ಜಾಗ ಹೆಚ್ಚಾಗಿ ಕನೆಕ್ಟರಿನ ಬುಡವೇ ಆಗಿರುತ್ತಿತ್ತು.

ನಿಕ್ಕಲ್ ಕ್ಯಾಡ್ಮಿಯಂ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಆ ಪ್ಯಾಕ್‌ಗಳಲ್ಲಿ ಹೆಚ್ಚೆಂದರೆ ಒಂದು ತಾಪ ಸಂವೇದಕ ಇರುತ್ತಿತ್ತು. 2005ರಲ್ಲಿ ಮಿಲ್ವಾಕಿ ಕಂಪನಿ 28 ವೋಲ್ಟಿನ ಲಿಥಿಯಂ ಅಯಾನ್ ಪ್ಯಾಕಿನ ಉಪಕರಣ ತಂದ ಮೇಲೆ ಉಳಿದವರೂ ಆ ದಾರಿ ಹಿಡಿದರು. ಲಿಥಿಯಂ ಸೆಲ್ಲನ್ನು ಅತಿಯಾಗಿ ತುಂಬುವಂತಿಲ್ಲ, ಅತಿಯಾಗಿ ಬರಿದು ಮಾಡುವಂತಿಲ್ಲ. ಹಾಗಾಗಿ ಪ್ರತಿ ಜೋಡಿಯನ್ನೂ ಕಾಯುವ ಬೋರ್ಡು ಪ್ಯಾಕಿನೊಳಗೇ ಬಂತು. ಅದನ್ನು ಯಾರು ಕಾಯಬೇಕು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬಂತು. ಪೇಟೆಂಟ್‌ಗಳ ವರ್ಗೀಕರಣದಲ್ಲಿ ಎಚ್01ಎಂ 10/425 ಎಂಬ ಒಂದು ಖಾನೆಯೇ ಇದೆ: ಬ್ಯಾಟರಿಯ ಜೊತೆ ಎಲೆಕ್ಟ್ರಾನಿಕ್ ಭಾಗಗಳನ್ನು ರಚನೆಯಲ್ಲಿ ಸೇರಿಸುವ ವಿಧಾನಗಳಿಗೆ. ಅದನ್ನು ತೆರೆದು ಕೂತರೆ ಬೋರ್ಡಿಗೆ ಹೊದಿಕೆ ಹಾಕಿದ ಬಗೆಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ.

ಮೇಲ್ಮನವಿಯ ಜಗಳವೂ ಇದೇ. ಯುರೋಪಿಯನ್ ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಳಿಗಳು ಪ್ರಶ್ನೆಯನ್ನು ಒಂದು ಕ್ರಮದಲ್ಲಿ ಕೇಳುತ್ತವೆ. ಮೊದಲೇ ಗೊತ್ತಿದ್ದವುಗಳಲ್ಲಿ ಇದಕ್ಕೆ ತೀರಾ ಹತ್ತಿರದ್ದು ಯಾವುದು? ಅದಕ್ಕೂ ಇದಕ್ಕೂ ವ್ಯತ್ಯಾಸವೇನು? ಆ ವ್ಯತ್ಯಾಸದಿಂದ ಆಗುವ ತಾಂತ್ರಿಕ ಪ್ರಯೋಜನವೇನು? ಅದೇ ಕಷ್ಟ ಎದುರಾದ ಸಾಧಾರಣ ಪರಿಣತನೊಬ್ಬ ಇದೇ ದಾರಿ ಹಿಡಿಯುತ್ತಿದ್ದನೇ? ಇಲ್ಲಿ ಹಿಡಿಯಬಹುದಿತ್ತು ಎಂದರೆ ಸಾಲದು, ಹಿಡಿದೇ ಹಿಡಿಯುತ್ತಿದ್ದ ಎಂದು ತೋರಿಸಬೇಕು. ಎದುರು ಪಕ್ಷ ಸುಲಭವಾಗಿ ಹೇಳುವ ಮಾತು, "ಬೋರ್ಡನ್ನು ರೆಸಿನ್ನಿನಲ್ಲಿ ಮುಳುಗಿಸುವುದು ಎಲ್ಲರಿಗೂ ಗೊತ್ತು, ವಾಹನಗಳ ಎಲೆಕ್ಟ್ರಾನಿಕ್ಸಿನಲ್ಲಿ ಯಾವತ್ತಿನಿಂದಲೋ ಇದೆ." ಮಾತು ನಿಜ. ರೆಸಿನ್ ಇದೆ, ತಟ್ಟೆ ಇದೆ ಎಂಬಷ್ಟಕ್ಕೇ ಇಪ್ಪತ್ತು ವರ್ಷದ ಏಕಸ್ವಾಮ್ಯ ಕೊಡಬಾರದು ಎಂದೇ ನಾನೂ ಹೇಳುತ್ತೇನೆ. ಆದರೆ ವಾಹನದ ಬೋರ್ಡಿನ ಪಕ್ಕದಲ್ಲಿ ಉಸಿರಾಡಬೇಕಾದ, ಬಿಸಿ ತಾಳದ ಸೆಲ್‌ಗಳು ಇರುವುದಿಲ್ಲ. ಸೆಲ್ಲಿಗೆ ತಾಕದಂತೆ ಬೋರ್ಡನ್ನು ಮುಳುಗಿಸುವುದು, ಪಟ್ಟಿಯ ತುದಿಗಳನ್ನು ಬೆಸುಗೆಗೆ ಚೊಕ್ಕವಾಗಿ ಉಳಿಸುವುದು ಬ್ಯಾಟರಿ ಪ್ಯಾಕಿನದ್ದೇ ಆದ ಸಮಸ್ಯೆ. ಅದಕ್ಕೆ ಕೊಟ್ಟ ಉತ್ತರಕ್ಕೆ ಬೆಲೆ ಇರಬೇಕು.

ಇನ್ನೊಂದು ತೊಡಕು ಇದೆ. ಪೇಟೆಂಟ್ ಕೇಳಿರುವುದು ತಯಾರಿಕೆಯ ವಿಧಾನಕ್ಕಲ್ಲ, ಪ್ಯಾಕ್ ಎಂಬ ವಸ್ತುವಿಗೆ ಎಂದಾದರೆ, ಮೊದಲು ಸುರಿದೆವು, ಆಮೇಲೆ ಬೆಸೆದೆವು ಎಂಬ ಕ್ರಮ ಲೆಕ್ಕಕ್ಕೆ ಬರುವುದಿಲ್ಲ. ಆ ಕ್ರಮ ವಸ್ತುವಿನಲ್ಲಿ ಕಾಣುವ ಗುರುತು ಬಿಟ್ಟಿದ್ದರೆ ಮಾತ್ರ ಬಂತು. ಪಟ್ಟಿಯ ಬುಡದಲ್ಲಿ ಬಾಗಿ ನಿಂತ ರೆಸಿನ್, ಅದರ ಮೇಲಿನ ಬರಿ ಲೋಹ, ರೆಸಿನ್ ಸೋಂಕದ ವೆಲ್ಡು: ನನ್ನ ಟಿಪ್ಪಣಿಯಲ್ಲಿ ಬರೆದದ್ದು ಇಷ್ಟೇ, ಜೊತೆಗೆ ಹತ್ತಿರದಿಂದ ತೆಗೆದ ಫೋಟೋ. ಇಂಥ ಪುರಾವೆ ಇದ್ದರೆ ಮೊದಲ ಹಂತದಲ್ಲೇ ಕೊಟ್ಟುಬಿಡಬೇಕು. 2020ರ ಜನವರಿಯಲ್ಲಿ ಜಾರಿಗೆ ಬಂದ ಕಾರ್ಯವಿಧಾನದ ನಿಯಮಗಳ ಪ್ರಕಾರ ಮೇಲ್ಮನವಿಯಲ್ಲಿ ಹೊಸ ಸಾಕ್ಷ್ಯ ತಂದರೆ ಮಂಡಳಿ ಅದನ್ನು ಒಳಗೆ ಬಿಟ್ಟುಕೊಳ್ಳುವುದು ಬಲು ಕಷ್ಟ. ಪ್ರಯೋಗಾಲಯದ ವರದಿ ಎಷ್ಟೇ ಚೆನ್ನಾಗಿದ್ದರೂ ತಡವಾದರೆ ಹೊರಗೇ ಉಳಿಯುತ್ತದೆ.

ಪ್ಯಾಕಿಗೆ ವಾಪಸ್ ಬರೋಣ. ನನಗೆ ಹಿಡಿಸದ ಸಂಗತಿಗಳೂ ಇವೆ. ಥರ್ಮಿಸ್ಟರ್ (ತಾಪ ಸಂವೇದಕ) ಒಂದೇ, ಅದೂ ಅಂಚಿನ ಸೆಲ್ಲಿಗೆ ಅಂಟಿಸಿದ್ದಾರೆ. ಕೆಲಸದ ಭರದಲ್ಲಿ ಹೆಚ್ಚು ಬಿಸಿಯಾಗುವುದು ನಡುವಿನ ಸೆಲ್, ಅದಕ್ಕೆ ಗಾಳಿ ಕಡಿಮೆ. ಇಷ್ಟು ಶ್ರದ್ಧೆಯಿಂದ ಬೋರ್ಡು ಮಾಡಿದವರು ಇಲ್ಲಿ ಯಾಕೆ ಕೈಬಿಟ್ಟರು ಎಂದು ಬೇಸರವಾಯಿತು. ಚಾರ್ಜ್ ತೋರಿಸುವ ದೀಪಗಳ ಗುಂಡಿ ತಟ್ಟೆಯಿಂದ ಹೊರಗೆ ಬೇರೆ ಪುಟ್ಟ ಬೋರ್ಡಿನಲ್ಲಿದೆ, ಅದಕ್ಕೆ ತೆಳು ಲೇಪನವಷ್ಟೇ. ನೀರು ಮೊದಲು ಬೀಳುವುದೂ ಅಲ್ಲೇ. ಅಲ್ಲಿಂದ ಮುಖ್ಯ ಬೋರ್ಡಿಗೆ ಹೋಗುವ ತಂತಿಗಳಲ್ಲಿ ಪ್ರವಾಹವನ್ನು ಮಿತಿಯಲ್ಲಿಡುವ ರೆಸಿಸ್ಟರ್ ಇದೆ, ಹಾಗಾಗಿ ಅದು ಕೆಟ್ಟರೂ ದೀಪಗಳಷ್ಟೇ ಹೋಗುತ್ತವೆ. ಆದರೂ ಪೂರ್ತಿ ಮಾಡಿದ್ದರೆ ಚೆನ್ನಿತ್ತು.

ದೊಡ್ಡ ತಕರಾರು ರಿಪೇರಿಯದ್ದು. ರೆಸಿನ್ನಿನೊಳಗಿನ ಫ್ಯೂಸ್ ಹೋದರೆ ಅದನ್ನು ಮುಟ್ಟಲು ದಾರಿಯಿಲ್ಲ, ರೆಸಿನ್ ಕೆತ್ತುತ್ತಾ ಹೋದರೆ ಬಿಡಿಭಾಗಗಳೂ ಕಿತ್ತುಬರುತ್ತವೆ. ತಟ್ಟೆ ಪ್ರತ್ಯೇಕವಾಗಿರುವುದೊಂದು ಸಮಾಧಾನ. ಪಟ್ಟಿಗಳನ್ನು ಬಿಡಿಸಿ ಇಡೀ ತಟ್ಟೆ ಬದಲಿಸಬಹುದು, ಸೆಲ್‌ಗಳು ಉಳಿಯುತ್ತವೆ. ಆದರೆ ಕಂಪನಿ ತಟ್ಟೆಯನ್ನು ಬಿಡಿಭಾಗವಾಗಿ ಮಾರುವುದಿಲ್ಲ. ಮಾರಬೇಕು. ಬೋರ್ಡನ್ನು ಬೇರೆ ಮಾಡಿದ ವಿನ್ಯಾಸದ ಅರ್ಧ ಲಾಭ ಬಳಸುವವರಿಗೆ ಸಿಗದೆ ತಯಾರಕರಲ್ಲೇ ಉಳಿದಿದೆ.

ಬಿಚ್ಚಿದ್ದ ಪ್ಯಾಕನ್ನು ಮತ್ತೆ ಜೋಡಿಸಿ ತೇವದ ಪೆಟ್ಟಿಗೆಯಲ್ಲಿಟ್ಟು, ಆಗಾಗ ತೆಗೆದು ಪ್ರತಿ ಜೋಡಿಯ ವೋಲ್ಟೇಜ್ ನೋಡುತ್ತಾ ಬಂದೆ. ಐದೂ ಒಟ್ಟೊಟ್ಟಿಗೇ ಇಳಿದವು, ಒಂದೂ ಹಿಂದೆ ಬೀಳಲಿಲ್ಲ. ಜೊತೆಗಿಟ್ಟಿದ್ದ, ಸಿಂಪಡಣೆಯ ಬೋರ್ಡಿನ ಇನ್ನೊಂದು ಪ್ಯಾಕಿನಲ್ಲಿ ಒಂದು ಜೋಡಿ ಕಣ್ಣಿಗೆ ಕಾಣುವಷ್ಟು ಕುಸಿದಿತ್ತು. ಒಂದೊಂದೇ ಪ್ಯಾಕ್ ನೋಡಿ ಷರಾ ಬರೆಯುವಂತಿಲ್ಲ, ಆದರೂ ಮೇಲಿನ ಲೆಕ್ಕಕ್ಕೆ ಇದು ಹೊಂದಿಕೆಯಾಗುತ್ತದೆ.

ಮಳೆ, ದೂಳು, ಕಲ್ಲು ಕೊರೆಯುವ ಕಡೆ ಕೆಲಸ ಮಾಡುವವರು ಈ ಪ್ಯಾಕನ್ನು ಧೈರ್ಯವಾಗಿ ತೆಗೆದುಕೊಳ್ಳಿ. ಮನೆಯೊಳಗೆ ಆಗೊಮ್ಮೆ ಈಗೊಮ್ಮೆ ಸ್ಕ್ರೂ ಬಿಗಿಯುವವರಿಗೆ ಇಷ್ಟರ ಅಗತ್ಯವಿಲ್ಲ, ಒಳ್ಳೆಯ ಲೇಪನದ ಪ್ಯಾಕ್ ಸಾಕು. ನೀವೇ ಬಿಚ್ಚಿ ದುರಸ್ತಿ ಮಾಡಿಕೊಳ್ಳುವವರಾದರೆ, ತಟ್ಟೆ ಬಿಡಿಯಾಗಿ ಸಿಗುವವರೆಗೆ ಕಾಯಿರಿ.