ಕೂಲಂಟ್ ಪ್ರೆಶರ್ ಟೆಸ್ಟರ್ ಕಿಟ್: ನಮ್ಮ ಕಡೆಯ ಗಾಡಿಗಳಿಗೆ ಎಷ್ಟು ಉಪಯೋಗ?

ಗಾಡಿ ಹೀಟ್ ಆಗುತ್ತಿದೆ ಎಂದರೆ ಸಾಕು, ಎಷ್ಟೋ ಕಡೆ ಮೊದಲು ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ರೇಡಿಯೇಟರಿಗೆ ದಾರಿ ತೆರೆಯುವ ವಾಲ್ವ್) ಕಿತ್ತು ಬಿಸಾಡುತ್ತಾರೆ, ಆಮೇಲೆ ರೇಡಿಯೇಟರ್ ಬಿಚ್ಚುತ್ತಾರೆ, ಕೊನೆಗೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸುವ ಮಾತು ಬರುತ್ತದೆ. ಏನನ್ನೂ ಬಿಚ್ಚುವ ಮೊದಲು ಕೂಲಿಂಗ್ ಸಿಸ್ಟಮ್ ಒತ್ತಡ ಹಿಡಿಯುತ್ತದೋ ಇಲ್ಲವೋ ನೋಡಬೇಕು. ಅದಕ್ಕೆಂದೇ ಇರುವುದು ಕೈಪಂಪು, ಗೇಜು, ಹತ್ತಾರು ಅಡಾಪ್ಟರುಗಳ ಈ ಪೆಟ್ಟಿಗೆ.

ಒತ್ತಡ ಯಾಕೆ ಇಷ್ಟು ಮುಖ್ಯ? ಹುಬ್ಬಳ್ಳಿ-ಧಾರವಾಡ ಇರುವ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. 1.1 ಬಾರ್ ಒತ್ತಡ ತಡೆಯುವ ರೇಡಿಯೇಟರ್ ಮುಚ್ಚಳ ಸರಿಯಿದ್ದರೆ ಅದೇ ನೀರು ಸುಮಾರು 120 ಡಿಗ್ರಿವರೆಗೆ ಕುದಿಯದೆ ನಿಲ್ಲುತ್ತದೆ. ಎಷ್ಟೋ ಕಾರುಗಳಲ್ಲಿ ಫ್ಯಾನ್ ತಿರುಗುವುದೇ 95 ದಾಟಿದ ಮೇಲೆ. ಮುಚ್ಚಳದ ರಬ್ಬರ್ ಸೀಳಿದ್ದು, ಒಳಗೆ ಬರೀ ನೀರು ಇದ್ದರೆ, ಫ್ಯಾನ್ ತಿರುಗುವ ಹೊತ್ತಿಗೇ ನೀರು ಕುದಿ ಹತ್ತಿರುತ್ತದೆ. ಬೇರೆ ಪಾರ್ಟ್ ಬದಲಿಸುವ ಮೊದಲು ಮುಚ್ಚಳ ಪರೀಕ್ಷಿಸಿ.

ಬಳಸುವುದು ಹೀಗೆ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬಿಸಿ ಇದ್ದಾಗ ಮುಚ್ಚಳ ಮುಟ್ಟಲೇಬೇಡಿ. ಕೂಲಂಟ್ (ಎಂಜಿನ್ ತಣಿಸುವ ದ್ರವ) ಅನ್ನು ಕಂಠದವರೆಗೆ ತುಂಬಿ, ಹೊಂದುವ ಅಡಾಪ್ಟರ್ ಕೂರಿಸಿ, ಮುಚ್ಚಳದ ಮೇಲೆ ಅಚ್ಚಾದ ಅಂಕಿಯವರೆಗೆ ಮಾತ್ರ ಪಂಪ್ ಮಾಡಿ. ಅದರಾಚೆ ಹೋದರೆ ಹಳೆಯ ಪ್ಲಾಸ್ಟಿಕ್ ಟ್ಯಾಂಕ್ ಬಿರಿಯುತ್ತದೆ. 15 ನಿಮಿಷ ಬಿಟ್ಟು ಮುಳ್ಳು ನೋಡಿ. ಇಳಿದಿದ್ದರೆ ಟಾರ್ಚ್ ಹಿಡಿದು ಹುಡುಕಿ: ಹೋಸ್ ಕ್ಲಾಂಪ್, ಥರ್ಮೋಸ್ಟಾಟ್ ಹೌಸಿಂಗ್, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕೂ ಅಲ್ಯುಮಿನಿಯಂ ಕೋರೂ ಸೇರುವ ಮಡಿಕೆ. ವಾಟರ್ ಪಂಪಿನ ಅಡಿಯಲ್ಲಿ ಒಂದು ಪುಟ್ಟ ತೂತು ಇರುತ್ತದೆ. ಅದರ ಬಾಯಿಂದ ಕೆಳಗೆ ಕೂಲಂಟ್ ಬಣ್ಣದ ಕರೆ ಒಣಗಿ ಪುಡಿಪುಡಿಯಾಗಿ ಅಂಟಿದ್ದರೆ ಪಂಪಿನ ಸೀಲ್ ಹೋಗಿದೆ ಎಂದೇ ಅರ್ಥ. ಗಾಡಿಯೊಳಗೆ ಸಿಹಿ ವಾಸನೆ, ಕಾಲಡಿಯ ಮ್ಯಾಟ್ ಒದ್ದೆ ಇದ್ದರೆ, ಗಾಡಿಯೊಳಗೆ ಬಿಸಿ ಗಾಳಿ ಕೊಡುವ ಪುಟ್ಟ ರೇಡಿಯೇಟರ್, ಅಂದರೆ ಹೀಟರ್ ಕೋರ್ ಸೋರುತ್ತಿದೆ.

ಹೊರಗೆ ಒಂದು ಹನಿಯೂ ಕಾಣದೆ ಮುಳ್ಳು ಇಳಿದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲ್) ಮೇಲೆ ಅನುಮಾನ. ಒತ್ತಡವನ್ನು ಅರ್ಧಕ್ಕಿಳಿಸಿ, ತಣ್ಣನೆ ಎಂಜಿನ್ ಚಾಲೂ ಮಾಡಿ. ಎಂಜಿನ್ ಬಿಸಿಯಾಗುವ ಮೊದಲೇ, ಮೊದಲ ನಿಮಿಷದಲ್ಲೇ ಮುಳ್ಳು ಸರಸರ ಏರಿದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಕೂಡಲೇ ಆಫ್ ಮಾಡಿ ಒತ್ತಡ ಬಿಡಿ. ಖಾತ್ರಿಗೆ, ಕೂಲಂಟ್‌ನಲ್ಲಿ ಸಿಲಿಂಡರ್ ಗ್ಯಾಸ್ ಇದೆಯೇ ಎಂದು ತೋರಿಸುವ, ಬೇರೆ ಸಿಗುವ ನೀಲಿ ದ್ರವದ ಬ್ಲಾಕ್ ಟೆಸ್ಟರ್ ಬಳಸಿ. ಪೆಟ್ರೋಲ್ ಗಾಡಿಯಲ್ಲಿ ಆ ದ್ರವ ಹಳದಿಗೆ ತಿರುಗಿದರೆ ಹೆಡ್ ಇಳಿಸಲೇಬೇಕು.

ಇನ್ನು ಕಿಟ್‌ನ ಕೊರತೆಗಳು. ಅಗ್ಗದ ಪೆಟ್ಟಿಗೆಗಳಲ್ಲಿ ಪಂಪಿನ ಪೈಪನ್ನು ಅಡಾಪ್ಟರಿಗೆ ಜೋಡಿಸುವ ಕ್ವಿಕ್ ಕಪ್ಲರಿನ ಓ-ರಿಂಗೇ (ರಬ್ಬರ್ ಉಂಗುರ) ಸೋರುತ್ತದೆ, ತಪ್ಪು ಗಾಡಿಯ ಮೇಲೆ ಬೀಳುತ್ತದೆ. ಮೊದಲು ಒಳ್ಳೆಯದೆಂದು ಗೊತ್ತಿರುವ ಮುಚ್ಚಳವನ್ನೇ ಮುಚ್ಚಳದ ಅಡಾಪ್ಟರಿಗೆ ಸಿಕ್ಕಿಸಿ ಅದರ ಅಂಕಿಗಿಂತ ಸ್ವಲ್ಪ ಕಡಿಮೆ ಪಂಪ್ ಮಾಡಿ. ಐದು ನಿಮಿಷ ಮುಳ್ಳು ನಿಂತರಷ್ಟೇ ಕಿಟ್ ನಂಬಿ. ಎರಡನೆಯದು, ಅಡಾಪ್ಟರ್ ಎಣಿಕೆ ನೋಡಿ ಮರುಳಾಗಬೇಡಿ. ನಮ್ಮ ಚಿಕ್ಕ ಕಾರುಗಳ ಸಣ್ಣ ಕಂಠಕ್ಕೆ ಒಂದು, ಎಕ್ಸ್‌ಪಾನ್ಶನ್ ಬಾಟಲಿಯ (ಹೆಚ್ಚಾದ ಕೂಲಂಟ್ ತುಂಬುವ ಟ್ಯಾಂಕಿನ) ತಿರುಗಿಸಿ ಹಾಕುವ ಚೂಡಿ ಮುಚ್ಚಳಕ್ಕೆ ಒಂದೆರಡು ಸರಿಹೊಂದಿದರೆ ಸಾಕು, ಉಳಿದವು ಪೆಟ್ಟಿಗೆಯಲ್ಲೇ ಕೊಳೆಯುತ್ತವೆ. ಮುಚ್ಚಳ ಬಿಚ್ಚಿ ಕೈಯಲ್ಲಿ ಹಿಡಿದು ಹೋಲಿಸಿಯೇ ಕೊಳ್ಳಿ. ಎಂಜಿನ್ ತಣ್ಣಗಾಗುವಾಗ ಕೂಲಂಟ್ ಅಥವಾ ಗಾಳಿಯನ್ನು ಒಳಗೆ ಬಿಡುವ, ಮುಚ್ಚಳದ ಒಳಗಿನ ವ್ಯಾಕ್ಯೂಮ್ ವಾಲ್ವ್ ಹಿಡಿದುಕೊಂಡಿದ್ದರೆ ಈ ಪಂಪು ಹೇಳುವುದಿಲ್ಲ. ಗಾಡಿ ಆರಿದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿದ್ದರೆ ಅದೇ ಗುರುತು.

ಫ್ಯಾನ್, ಥರ್ಮೋಸ್ಟಾಟ್, ಕಟ್ಟಿಕೊಂಡ ರೇಡಿಯೇಟರ್ ವಿಷಯದಲ್ಲೂ ಕಿಟ್ ಮೂಕ. ಚನ್ನಮ್ಮ ಸರ್ಕಲ್‌ನ ಟ್ರಾಫಿಕ್ಕಿನಲ್ಲಿ ಹೀಟ್ ಆಗಿ, ಬೈಪಾಸ್‌ನಲ್ಲಿ ಓಡುವಾಗ ತಣ್ಣಗಾದರೆ ಫ್ಯಾನ್ ಮೋಟಾರ್ ಅಥವಾ ರಿಲೇ ನೋಡಿ. ಎಸಿ ಹಾಕಿದ ಕೂಡಲೇ ಫ್ಯಾನ್ ತಿರುಗಬೇಕು. ಅರಬೈಲ್ ಘಟ್ಟ ಹತ್ತುವಾಗ ಮಾತ್ರ ಡ್ಯಾಶ್‌ಬೋರ್ಡಿನ ಹೀಟ್ ಮುಳ್ಳು ಏರಿದರೆ ರೇಡಿಯೇಟರ್ ಅರ್ಧ ಮುಚ್ಚಿದೆ, ಇಲ್ಲವೇ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ. ಎರೆಸೀಮೆಯ ಧೂಳು, ಅರಳೆಯ ಎಳೆ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕಂಬಳಿಯಂತೆ ಕೂರುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ, ಜೋರು ಪ್ರೆಶರ್ ಹಾಕಿದರೆ ರೆಕ್ಕೆಗಳು ಬಾಗುತ್ತವೆ.

ಥರ್ಮೋಸ್ಟಾಟ್ ತೆಗೆದು ಓಡಿಸುವ ಚಾಳಿ ಬಿಡಬೇಕು. ಕೆಲವು ಎಂಜಿನ್‌ಗಳಲ್ಲಿ ನೀರು ರೇಡಿಯೇಟರನ್ನು ತಪ್ಪಿಸಿ ಸುತ್ತುವ ಬೈಪಾಸ್ ದಾರಿ ಮುಚ್ಚುವುದೂ ಅದೇ ಥರ್ಮೋಸ್ಟಾಟ್. ಅದು ಇಲ್ಲದಿದ್ದರೆ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತಿ ಇನ್ನಷ್ಟು ಕಾಯುತ್ತದೆ. ಗದಗ, ನವಲಗುಂದ ಕಡೆಯ ಗಡಸು ಬೋರ್ ನೀರಂತೂ ಬೇಡವೇ ಬೇಡ, ಒಳಗೆ ಬಿಳಿ ಪದರ ಕಟ್ಟುತ್ತದೆ. ಕಾನ್ಸಂಟ್ರೇಟ್ ಕೂಲಂಟ್ ಆದರೆ ಬ್ಯಾಟರಿಗೆ ಹಾಕುವ ಡಿಮಿನರಲೈಸ್ಡ್ ನೀರಿನ ಜೊತೆ ಸಮಸಮ ಬೆರೆಸಿ, ರೆಡಿಮಿಕ್ಸ್ ಆದರೆ ಹಾಗೇ ಸುರಿಯಿರಿ.

ನಾಲ್ಕಾರು ಗಾಡಿ ನೋಡಿಕೊಳ್ಳುವವರಿಗೆ, ಸಣ್ಣ ಗ್ಯಾರೇಜಿನವರಿಗೆ ಈ ಕಿಟ್ ಕಣ್ಣುಮುಚ್ಚಿ ಶಿಫಾರಸು. ಒಂದೇ ಕಾರಿನವರು ಕೊಳ್ಳುವ ಬದಲು, ಇದು ಇರುವ ಗ್ಯಾರೇಜ್ ಹುಡುಕಿ ಎದುರೇ ಟೆಸ್ಟ್ ಮಾಡಿಸಲಿ. ರಿಪೇರಿ ಮುಗಿದ ಮೇಲೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆಗೆದಿಟ್ಟು ತಣ್ಣನೆ ಎಂಜಿನ್ ಚಾಲೂ ಮಾಡಿ, ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆಯಿರಿ. ಮಾರನೆಯ ದಿನ ತಣ್ಣಗಿದ್ದಾಗ ಕೂಲಂಟ್ ಮಟ್ಟ ನೋಡಿ, ಇನ್ನೊಮ್ಮೆ ಪಂಪ್ ಹಾಕಿ 15 ನಿಮಿಷ ಕಾಯಿರಿ.