ಬೀದರನಾಗ ಚರ್ಚ್ ಹೆಣ್ಮಕ್ಕಳ ಲೀಡರ್ ಟ್ರೇನಿಂಗ್: 3 ದಿನ, 600 ರೂಪಾಯಿ, ಹೋಗ್ಬೇಕಾ ಬ್ಯಾಡಾ

ಡಿಸೆಂಬರ್‌ನಾಗ ಬೀದರಿಗಿ ಹೋಗಿ ಮೂರು ದಿನದ ಟ್ರೇನಿಂಗ್ ಮುಗಿಸ್ಕೊಂಡು ಬಂದೀನಿ, ಚರ್ಚ್‌ನಾಗ ಸೇವೆ ಮಾಡೋ ಹೆಣ್ಮಕ್ಕಳನ್ನ ಲೀಡರ್ ಮಾಡ್ತೀವಿ ಅಂತ ಪಾಂಪ್ಲೆಟ್‌ನಾಗ ಹಾಕಿದ್ರು. ಬಂದಾಗಿಂದ ನಾಕೈದು ಮಂದಿ ಅಕ್ಕಗೋಳು ಫೋನ್ ಮಾಡಿ ಹೆಂಗಿತ್ತವ್ವಾ, ನಾವೂ ಹೋಗ್ಬೇಕಾ, 600 ರೂಪಾಯಿ ದಂಡ ಆಗ್ತದೇನು ಅಂತ ಕೇಳ್ಲತ್ತಾರ, ಒಬ್ಬೊಬ್ಬರಿಗಿ ಹೇಳಿ ಹೇಳಿ ಸಾಕಾಗಿ ಇಲ್ಲೇ ಬರೀಲತ್ತೀನಿ. ನಡಸಿದವರ ಹೆಸರು ಬರ್ಯಾಂಗಿಲ್ಲ, ಒಳ್ಳೆ ಮಂದಿ ಅವರು, ಆದ್ರ ನಾ ಹೇಳೋದ್ರಾಗ ಜರಾ ಖಾರ ಅದ.

ನಂದು ಭಾಲ್ಕಿ ಕಡಿ ಹಳ್ಳಿ. ನಮ್ಮ ಚರ್ಚ್‌ನ ಮಹಿಳಾ ಸಂಘಕ್ಕ ಎಂಟು ವರ್ಷದಿಂದ ಸೆಕ್ರೆಟ್ರಿ ಇದ್ದೀನಿ, ಸೆಕ್ರೆಟ್ರಿ ಅಂದ್ರ ಕ್ರಿಸ್‌ಮಸ್‌ಗಿ ಕೇಕ್ ಪಟ್ಟಿ ಎತ್ತೋದು, ಮಹಿಳಾ ಭಾನುವಾರ ಬಂದ್ರ ಒಂದೇ ಬಣ್ಣದ ಸೀರಿ ಉಟ್ಟು ಹಾಡ್ಲಾಕ ಎಲ್ಲಾರಿಗಿ ಫೋನ್ ಹಚ್ಚೋದು, ಅಷ್ಟೇ. ಬಸ್ಸಿನ ಖರ್ಚಿಲ್ಲ, ಆಧಾರ್ ತೋರ್ಸಿ ಶಕ್ತಿ ಟಿಕೆಟ್‌ನಾಗ ಹೋದೆ, ಹಂಗಾಗಿ 600 ಅಂದ್ರ ಪೂರಾ ಊಟ, ಇರೋ ಜಾಗ, ಒಂದು ಬ್ಯಾಗು, ಒಂದು ಪುಸ್ತಕಕ್ಕ. ಔರಾದ್, ಹುಮ್ನಾಬಾದ್, ಬಸವಕಲ್ಯಾಣ ಎಲ್ಲಾ ಕಡಿಂದ 42 ಮಂದಿ ಬಂದಿದ್ವಿ, ಮೆಥೋಡಿಸ್ಟ್ ಚರ್ಚ್‌ನವರು ಜಾಸ್ತಿ, ಉಳದವರು ಬ್ಯಾರೆ ಬ್ಯಾರೆ ಸಭೆಯವರು, ಅಂದ್ರ ಬ್ಯಾರೆ ಚರ್ಚ್ ಪಂಗಡದವರು. ಊಟಕ್ಕ ಹೆಸರಿಡಂಗಿಲ್ಲ, ಬಿಸಿ ಜ್ವಾಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೂರು ದಿನಾನೂ ನಾವು ಯಾರೂ ವಲಿ ಮುಂದ ಕೂಡ್ಲಿಲ್ಲ, ಅದೇ ಒಂದು ಅರ್ಧ ಪೈಸಾ ವಸೂಲ್.

ಮೊದಲ ದಿನ ಪೂರಾ ಬೈಬಲ್. ನಾ ಅಂದ್ಕೊಂಡಿದ್ದೆ ಮತ್ತ ಅದೇ ಜ್ಞಾನೋಕ್ತಿ 31, ಗುಣವತಿಯಾದ ಹೆಂಡತಿ, ಬೆಳ್ಳಗಾಗೋಕಿಂತ ಮೊದಲೇ ಎದ್ದು ಅಡಿಗಿ ಮಾಡೋಕಿ, ಅದನ್ನೇ ಹೇಳ್ತಾರಂತ. ಅದಲ್ಲ, ಸೀದಾ ಗಂಡಸರು ನಮಗ ತೋರ್ಸೋ ವಚನಕ್ಕೇ ಕೈ ಹಾಕಿದ್ರು, ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಗಿ ಬರದ ಮೊದಲನೇ ಪತ್ರದ 14ನೇ ಅಧ್ಯಾಯ, ಹೆಂಗಸರು ಸಭೆಯಾಗ ಮೌನ ಇರ್ಬೇಕು ಅನ್ನೋದು. ಪಾಠ ಹೇಳೋ ಅಕ್ಕ, ಅದೇ ಪತ್ರದ 11ನೇ ಅಧ್ಯಾಯ ತಗೀರಿ ಅಂದ್ಳು, ಅಲ್ಲಿ ಪೌಲ ಹೆಂಗಸರು ಪ್ರಾರ್ಥನಾ ಮಾಡೋವಾಗ, ಪ್ರವಾದನೆ ಹೇಳೋವಾಗ ತಲಿ ಮ್ಯಾಲ ಮುಸುಕು ಇರ್ಬೇಕಂತ ಬರ್ದಾನ. ಹುಮ್ನಾಬಾದ್ ಕಡಿ ಒಬ್ಬ ದೊಡ್ಡಮ್ಮ ಹಿಂದಿಂದ, "ಮತ್ತ ಬಾಯಿ ಮುಚ್ಕೊಂಡು ಇರ್ಬೇಕಿದ್ರ ಪ್ರಾರ್ಥನಾಕ್ಕ ಸೆರಗು ಯಾಕ ಕೇಳ್ದ ಅವ?" ಅಂದ್ಳು, ಹಾಲ್ ಎಲ್ಲಾ ನಕ್ಕಿದ್ದೇ ನಕ್ಕಿದ್ದು. ಆ 14ನೇ ಅಧ್ಯಾಯದ ಮಾತು ಆ ಊರಿನ ಸಭೆಯ ಗಲಾಟಿಗಿ ಹೇಳಿದ್ದಾ, ಎಲ್ಲಾ ಕಾಲಕ್ಕ ಹೇಳಿದ್ದಾ ಅಂತ ದೊಡ್ಡ ದೊಡ್ಡ ಪಂಡಿತರೇ ಒಪ್ಪಿಲ್ಲ, ಅಕ್ಕನೂ ಅದನ್ನ ಮುಚ್ಚಿಡ್ಲಿಲ್ಲ, ನನಗ ಹಿಡಿಸಿದ್ದು ಅದು.

ಆದ್ರ ನನ್ನ ತಲ್ಯಾಗ ಕುಂತದ್ದು ಫೊಯಿಬೆ. ಪೌಲ ರೋಮಾಪುರದವರಿಗಿ ಬರದ ಪತ್ರದ 16ನೇ ಅಧ್ಯಾಯದಾಗ ಬರ್ತಾಳ, ಕೆಂಖ್ರೆ ಊರಿನ ಸಭೆಯಾಕಿ. ನಾವು ಸೇವಕಿ ಅಂತ ಓದ್ಕೊಂಡು ಮುಂದ ಹೋಗ್ತೀವಿ. ಗ್ರೀಕ್‌ನಾಗ ಅದು ಡಿಯಾಕೊನೊಸ್ ಅಂತ, ಅದೇ ಪದ ಪೌಲ ತನಗೂ, ತನ್ನಂಗೇ ಬೋಧನೆ ಮಾಡ್ತಿದ್ದ ಅಪೊಲ್ಲೋಸನಿಗೂ ಹಾಕ್ಯಾನ. ಈಗ ನೀವೇ ನೋಡ್ರಿ, ನಮ್ಮ ಕಡಿ ದೇವರ ಸೇವಕರು ಬಂದ್ರು ಅಂದ್ರ ಪಾಸ್ಟರ್ ಬಂದ್ರು ಅಂತ ಎದ್ದು ನಿಲ್ತೀವಿ, ಸೇವಕಿ ಬಂದ್ಳು ಅಂದ್ರ ಕಸಬರಗಿ ಎಲ್ಲದ ಅಂತ ಹುಡುಕ್ತೀವಿ. ಇಪ್ಪತ್ತು ವರ್ಷ ಆ ಅಧ್ಯಾಯ ಓದೀನಿ ನಾ, ಒಮ್ಮಿಯೂ ತಿಳೀಲಿಲ್ಲ.

ಬೈಬಲ್‌ನ ದೆಬೋರಳ ಕಥಿ ಎಲ್ಲಾರಿಗಿ ಗೊತ್ತು ಬಿಡ್ರಿ, ಖಜೂರ ಗಿಡದ ಕೆಳಗ ಕುಂತು ನ್ಯಾಯ ಹೇಳೋಕಿ, ಸೇನಾಪತಿ ಬಾರಾಕ ನೀ ಬಂದ್ರೇ ನಾ ಯುದ್ಧಕ್ಕ ಹೋಗ್ತೀನಿ ಅಂದಿದ್ದ. ಹೊಸದು ಅನಿಸಿದ್ದು ಸುಸಾನಾ ವೆಸ್ಲಿ. ಮೆಥೋಡಿಸ್ಟ್ ಸಭೆ ಕಟ್ಟಿದ ಜಾನ್ ವೆಸ್ಲಿಯ ತಾಯಿ. 1711-12ರ ಚಳಿಗಾಲದಾಗ ಗಂಡ ಲಂಡನ್‌ನಾಗ ಇದ್ದಾಗ ಅಕಿ ಮನಿಯಾಗ ಮಕ್ಕಳಿಗಂತ ಪ್ರಾರ್ಥನಾ ಶುರು ಮಾಡಿದ್ಳು, ಅಕ್ಕಪಕ್ಕದವರು ಬಂದು ಬಂದು ಇನ್ನೂರು ಮಂದಿ ಆದ್ರಂತ, ಗಂಡನ ಜಾಗಕ್ಕ ಇದ್ದ ಪಾದ್ರಿ ಹೊಟ್ಟಿ ಉರ್ಕೊಂಡು ಕಂಪ್ಲೇಂಟ್ ಬರ್ದ. ನಾವು ಮನಿ ಮನಿಯಾಗ ಮಾಡೋ ಕಾಟೇಜ್ ಪ್ರೇಯರ್ ಅಂದ್ರ ಮತ್ತೇನು? ಅಷ್ಟು ಹಳೀ ಬೇರು ಇದ್ರೂ ಅಮೇರಿಕಾದ ಮೆಥೋಡಿಸ್ಟ್ ಸಭೆ ಹೆಣ್ಮಕ್ಕಳಿಗಿ ಪೂರ್ತಿ ಪಾಸ್ಟರ್ ಹಕ್ಕು ಕೊಟ್ಟಿದ್ದು 1956ರಾಗ. ಇಲ್ಲಿ ಸಿಎಸ್‌ಐದಾಗ, ಅಂದ್ರ ದಕ್ಷಿಣ ಭಾರತ ಸಭೆಯಾಗ, ಮೊದಲ ಹೆಣ್ಣು ಬಿಷಪ್, ನಂದ್ಯಾಲದ ಪುಷ್ಪಲಲಿತಾ ಅಮ್ಮನವರು, ಆಗಿದ್ದು 2013ರಾಗ. ಪಂಡಿತಾ ರಮಾಬಾಯಿ ಬಗ್ಗೆ ಬರೇ ಐದು ನಿಮಿಷ ಹೇಳಿದ್ರು, ಅದು ನನಗ ಸೇರ್ಲಿಲ್ಲ. ಕರ್ನಾಟಕದ ಘಟ್ಟದ ಕಡಿ 1858ರಾಗ ಹುಟ್ಟಿದಾಕಿ, ಪುಣೆ ಹತ್ರ ಕೇಡಗಾಂವ್‌ನಾಗ ಮುಕ್ತಿ ಮಿಷನ್ ಕಟ್ಟಿ, ವಿಧವೆಯರಿಗಿ ನೆರಳು ಕೊಟ್ಟು, ಬೈಬಲ್ಲನ್ನ ಮರಾಠಿಗಿ ತಂದಾಕಿ, ಬೀದರ್ ಸೀಮ್ಯಾಗ ಮರಾಠಿ ಮಾತಾಡೋರು ಎಷ್ಟು ಮಂದಿ ಇದ್ದಾರ, ಅವರ ಮುಂದ ಇಕಿ ಕಥಿ ಒಂದು ತಾಸು ಹೇಳ್ಬೇಕಿತ್ತು.

ಎರಡನೇ ದಿನ ಮುಂಜಾನಿ ಮೈಕ್ ಪಾಠ. ನಗಬ್ಯಾಡ್ರಿ, ಖರೇನೇ ಮೈಕ್ ಪಾಠ. ಸ್ಟ್ಯಾಂಡ್ ಯಾವಾಗ್ಲೂ ಗಂಡಸರ ಎತ್ತರಕ್ಕ ಇರ್ತದ, ನಾವು ಹೋಗಿ ಮುಖ ಮ್ಯಾಲ ಎತ್ತಿ ಕೋಳಿ ನೀರು ಕುಡದಂಗ ಮಾತಾಡಿ ಓಡಿ ಬರ್ತೀವಿ. ಇಲ್ಲಿ ಒಬ್ಬೊಬ್ಬರು ಹೋಗಿ ಸ್ಟ್ಯಾಂಡಿನ ತಿರುಪು ಸಡಿಲ ಮಾಡಿ, ತನ್ನ ಬಾಯಿಗಿ ಇಳಿಸಿ, ಮತ್ತ ಬಿಗಿ ಮಾಡಿ, ಉಸಿರು ಬಿಟ್ಟು, ಆಮ್ಯಾಲ ಮಾತಾಡ್ಬೇಕು. ಮೂರು ಮಂದಿ ಕೈಯಾಗ ತಿರುಪು ಕಳಚಿ ಕೆಳಗ ಬಿದ್ದು ಮೈಕ್ ಧಡ್ ಅಂತು, ಬಿದ್ರ ಬೀಳ್ಲಿ ಎತ್ತಿ ಹಚ್ಚು ತಾಯಿ ಅಂದ್ರು ಅಷ್ಟೇ. ಔರಾದ್ ಕಡಿ ಒಬ್ಬ ಆಯಿ, ಎಪ್ಪತ್ತರ ಹತ್ರ ವಯಸ್ಸು, ಓದ್ಲಾಕ ಬರಲ್ಲ, ತಿರುಪಿಗಿ ಕೈನೇ ಹಚ್ಚಲಿಲ್ಲ, ಮೈಕ್ ಪಕ್ಕಕ್ಕ ಸರಿಸಿ 121ನೇ ಕೀರ್ತನೆ ಪೂರಾ ಬಾಯಿಲೇ ಹೇಳಿದ್ಳು, ಕಡೀ ಸಾಲಿನ ಕುರ್ಚಿಗೂ ಕೇಳ್ತು. ಮೂವತ್ತು ವರ್ಷದಿಂದ ಊರಾಗ ಮನಿ ಮನಿ ಪ್ರಾರ್ಥನಾ ನಡಸೋಕಿ ಅಕಿ. ಆದ್ರ ಪಾಂಪ್ಲೆಟ್‌ನಾಗ 10ನೇತ್ತಿ ಪಾಸ್ ಆಗಿರ್ಬೇಕು ಅಂತ ಇತ್ತು, ಕಡೀ ದಿನ ಸರ್ಟಿಫಿಕೇಟ್ ಕೊಡೋವಾಗ ಆಯಿಗಿ "ಭಾಗವಹಿಸಿದ್ದಾರೆ" ಅಂತ ಬ್ಯಾರೆ ಬಣ್ಣದ್ದು ಕೊಟ್ರು, ನಮಗೆಲ್ಲಾ "ತೇರ್ಗಡೆ". ನನಗ ಭಾಳ ಬ್ಯಾಸರ ಆಯ್ತು. ಆಯಿಗಿ ಏನೂ ಅನಿಸಿಲ್ಲ, ಅದನ್ನ ಮಡಚಿ ಬೈಬಲ್‌ನಾಗ ಇಟ್ಕೊಂಡ್ಳು, ಓದ್ಲಾಕ ಬರದಿದ್ರೂ ಬೈಬಲ್ ಕೈಯಾಗೇ ಇರ್ತದ ಅಕಿಗಿ.

ಮಧ್ಯಾಹ್ನ ಹಿಸಾಬ್ ಪಾಠ, ಇದೊಂದಕ್ಕೇ ನಾ 600 ಕೊಟ್ಟೆ ಅಂದ್ರೂ ತಪ್ಪಿಲ್ಲ. ರಸೀದಿ, ವೋಚರ್, ಕ್ಯಾಶ್‌ಬುಕ್, ಮೀಟಿಂಗ್ ನಡಾವಳಿ ಬರಿಯೋದು. ಒಂದು ಸುಳ್ಳು ಚರ್ಚ್‌ನ ಲೆಕ್ಕ ಕೊಟ್ಟು 340 ರೂಪಾಯಿ ಎಲ್ಲಿ ಹೋಯ್ತು ಹುಡುಕ್ರಿ ಅಂದ್ರು. ನಮ್ಮ ಗುಂಪು ಹತ್ತು ನಿಮಿಷದಾಗ ಹುಡುಕ್ತು, ಯಾಕಂದ್ರ ಅದರಾಗ ಆರು ಮಂದಿಗಿ ನಾಕು ಜನ ಡಿಸಿಸಿ, ಅಂದ್ರ ಜಿಲ್ಲಾ ಸಹಕಾರಿ, ಬ್ಯಾಂಕಿನ ಸ್ವಸಹಾಯ ಸಂಘದವರು. ಬೀದರ್ ಜಿಲ್ಲಾದಾಗ ಹೆಣ್ಮಕ್ಕಳಿಗಿ ಸಂಘದ ಲೆಕ್ಕ ಏನು ಹೊಸದಾ? ವಾರಕ್ಕೊಮ್ಮಿ ಉಳಿತಾಯ, ಬಡ್ಡಿ, ಕಂತು, ಯಾರ ಸಾಲ ಬಾಕಿ, ಎಲ್ಲಾ ಬಾಯಿಪಾಠ. ಒಬ್ಬಾಕಿ ಗ್ರಾಮ ಪಂಚಾಯ್ತಿ ಮೆಂಬರ್ ಬ್ಯಾರೆ ಇದ್ಳು, ಅಲ್ಲಿ ಅರ್ಧ ಸೀಟು ಹೆಣ್ಮಕ್ಕಳಿಗಿ ಮೀಸಲು ಅದ. ಇಂಥಾಕಿನೇ ಭಾನುವಾರ ಆರಾಧನೆ ಮುಗದ ಮ್ಯಾಲ ಒಳಗ ನಾಕು ಗಂಡಸರು ಕಾಣಿಕೆ ಎಣಿಸೋ ಹೊತ್ತಿನಾಗ ಹೊರಗ ಚಪ್ಪಲಿ ಹತ್ರ ನಿಂತು ಮಕ್ಕಳನ್ನ ಕರೀತಿರ್ತಾಳ. ಕಾಣಿಕೆ ಹಾಕಿದ್ದು ಅರ್ಧಕ್ಕಿಂತ ಜಾಸ್ತಿ ಕೈ ನಮ್ಮವೇ. ಹಿಸಾಬ್ ನಮಗ ಬರ್ತಿತ್ತು, ಬರ್ತದ ಅಂತ ಹೇಳ್ಲಾಕ ಮಾತ್ರ ಬರ್ತಿದ್ದಿಲ್ಲ ಅಂತ ಅವತ್ತು ನನಗ ಗೊತ್ತಾಯ್ತು.

ಈಗ ಖಾರದ ಮಾತು. ಮೊದಲನೇದು ತಾರೀಖು. ಡಿಸೆಂಬರ್‌ನಾಗ ತೊಗರಿ ರಾಶಿ ನಡೀತಿರ್ತದ, ಅದೇ ಹೊತ್ತಿಗಿ ಮೂರು ದಿನ ಟ್ರೇನಿಂಗ್ ಇಟ್ರ ಹೊಲದ ಕೂಲಿ ಹೆಣ್ಮಗಳು ಎಲ್ಲಿಂದ ಬರ್ತಾಳ? 600 ಕೊಡೋದು ಒಂದು, ಮೂರು ದಿನದ ಕೂಲಿ ಹೋಗೋದು ಇನ್ನೊಂದು. ನಮ್ಮೂರಿಂದ ಐದು ಮಂದಿ ಹೆಸರು ಕೊಟ್ಟಿದ್ವಿ, ಹೋದಾಕಿ ನಾ ಒಬ್ಬಾಕಿ, ನನ್ನ ಗಂಡಗ ಪಗಾರ ಅದ ಅದಕ್ಕ. ಎರಡನೇದು ಆ ಪುಸ್ತಕ, ಇಂಗ್ಲಿಷಿಂದ ಯಾವುದೋ ಆ್ಯಪ್‌ನಾಗ ಹಾಕಿ ತಗದಂಗ ಅದ, "ನಿಮ್ಮ ದರ್ಶನವನ್ನು ಹೊರಹಾಕಿರಿ" ಅಂತ ಒಂದು ಹೆಡ್ಡಿಂಗು, ನಾವು ಎರಡು ದಿನ ಅದರ ಅರ್ಥ ಹುಡುಕಿ ಬಿಟ್ಟುಬಿಟ್ವಿ. 42 ಮಂದಿಗಿ ಸಂಡಾಸ್ ಎರಡು, ಒಂದಕ್ಕ ಚಿಲಕ ಇಲ್ಲ. ಕೂಸು ಎತ್ಕೊಂಡು ಬಂದವರು ಮೂರು ಮಂದಿ, ಕೂಸು ಅತ್ರ ಅವರು ಹೊರಗ, ಹೆಚ್ಚುಕಡಿಮಿ ಅರ್ಧ ಪಾಠ ವರಾಂಡದಾಗೇ ಕೇಳಿದ್ರು, ಒಬ್ಬಾಕಿನ ಕೂಸು ನೋಡ್ಕೊಳ್ಳಾಕ ಇಟ್ಟಿದ್ರ ಏನ್ ಹೋಗ್ತಿತ್ತು.

ಎಲ್ಲಾಕ್ಕಿಂತ ದೊಡ್ಡ ತಪ್ಪು, ಗಂಡಸರನ್ನ ಕರೀದಿದ್ದು. ಕಡೀ ದಿನ ಒಂದು ತಾಸಾದ್ರೂ ಆಯಾ ಚರ್ಚ್‌ನ ಪಾಸ್ಟರ್ ಮತ್ತ ಕಮಿಟಿಯವರನ್ನ ಕುಂದ್ರಿಸಿ, ಈ ಹೆಣ್ಮಗಳು ಇಂಥದ್ದು ಕಲ್ತು ಬರ್ಲತ್ತಾಳ, ಅಕಿಗಿ ಇಂಥ ಕೆಲಸ ಕೊಡ್ರಿ ಅಂತ ಬಾಯಿಬಿಟ್ಟು ಹೇಳ್ಬೇಕಿತ್ತು. ನಮಗ ಕಲ್ಸಿ ಕಳಸ್ತಾರ, ಊರಾಗ ಬಾಗ್ಲ ತಗಿಯೋರು ಬ್ಯಾರೆ. ಆರು ತಿಂಗಳು ಫಾಲೋಅಪ್ ಅಂತ ಪಾಂಪ್ಲೆಟ್‌ನಾಗ ಇತ್ತು, ಇಲ್ಲೀತನಕ ಎರಡು ಫೋನ್ ಬಂದಾವ, ವಾಟ್ಸಾಪ್ ಗ್ರೂಪ್‌ನಾಗ ಬರೇ ಗುಲಾಬಿ ಹೂವಿನ ಮ್ಯಾಲ ವಚನ.

ಊರಿಗಿ ಬಂದು ನಾ ಪಾಸ್ಟರಿಗಿ ಕೇಳ್ದೆ, ಅಯ್ಯನವರೇ ಕಾಣಿಕೆ ಎಣಿಸೋವಾಗ ನಾನೂ ಕೂಡ್ತೀನಿ ಅಂತ. ಅವರು ನೋಡೋಣವ್ವ ಅಂದ್ರು, ಕಮಿಟಿ ಹಿರೇರು ಮಾರಿ ತಿರುಗಿಸಿದ್ರು. ಮುಂದಿನ ತಿಂಗಳು ಖಜಾಂಚಿ ಕಾಕಾ ಚಷ್ಮಾ ಮನಿಯಾಗ ಮರ್ತು ಬಂದ, ರಿಜಿಸ್ಟರ್ ದೂರ ಹಿಡದ, ಹತ್ರ ಹಿಡದ, ಆಮ್ಯಾಲ ನನ್ನ ಕಡಿ ತಳ್ಳಿ "ಏ ತಂಗಿ, ಜರಾ ಓದಿ ಹೇಳು" ಅಂದ. ಓದ್ದೆ, ಕೂಡಿಸ್ದೆ, ಹಿಂದಿನ ಎರಡು ವಾರದ ಪುಟದಾಗ ಸಹಿ ಇಲ್ಲ ಅಂತನೂ ಹೇಳ್ದೆ. ಯಾರೂ ಏನೂ ಅನ್ಲಿಲ್ಲ. ಕಾಕಾ ಈಗ ಚಷ್ಮಾ ತರ್ತಾನ, ಆದ್ರ ನನ್ನ ಕುರ್ಚಿ ಇನ್ನೂ ಅಲ್ಲೇ ಅದ, ಮೂರು ಭಾನುವಾರ ಆಯ್ತು.

ಐದಕ್ಕ ಮೂರೂವರೆ ಸ್ಟಾರ್ ಕೊಡ್ತೀನಿ, ಹಿಸಾಬ್ ಪಾಠ ಇಲ್ದಿದ್ರ ಎರಡೇ. ಬರೇ ಪ್ರಸಂಗ, ಅಂದ್ರ ಚರ್ಚ್‌ನಾಗ ಬೋಧನೆ, ಮಾಡ್ಲಾಕ ಕಲಿಬೇಕು ಅನ್ನೋರು ಹೋಗಬ್ಯಾಡ್ರಿ, ಅದಕ್ಕ ಅಲ್ಲಿ ಟೈಮ್ ಕಮ್ಮಿ. ಮುಂದಿನ ಬ್ಯಾಚ್‌ಗಿ ಹೆಸರು ಕೊಡೋರು ತೊಗರಿ ರಾಶಿ ಮುಗದ ಮ್ಯಾಲ ಇಡ್ರಿ ಅಂತ ಮೊದಲೇ ಫೋನ್ ಮಾಡಿ ಹೇಳ್ರಿ, ಹತ್ತು ಮಂದಿ ಹೇಳಿದ್ರ ಕೇಳ್ತಾರ. ಚಳಿಗಾಲದಾಗೇ ಇಟ್ರಂದ್ರ ಚಾದರ ಎರಡು ಒಯ್ರಿ, ಅವರು ಕೊಡೋದು ಒಂದೇ, ಅದೂ ತೆಳ್ಳಂದು. ಮತ್ತ ಸಂಡಾಸಿನ ಚಿಲಕಕ್ಕ ಒಂದು ಗಟ್ಟಿ ದಾರ ಇರ್ಲಿ ಬ್ಯಾಗ್‌ನಾಗ.