ನಿಮ್ಮ ಡೊಮೇನ್ ಯಾರ ಹೆಸರಿನಲ್ಲಿದೆ? ದಯವಿಟ್ಟು ಇಂದೇ ನೋಡಿಕೊಳ್ಳಿ

ಪತ್ರಿಕೆ, ಸಂಘ, ಶಾಲೆ, ಅಂಗಡಿ ಯಾವುದೇ ಇರಲಿ, ಬೇರೆಯವರಿಂದ ವೆಬ್‌ಸೈಟ್ ಮಾಡಿಸಿಕೊಂಡವರೆಲ್ಲರೂ ಇದನ್ನು ಓದಬೇಕೆಂದು ಕೋರುತ್ತೇನೆ. ನಾನು ವೆಬ್‌ಸೈಟ್ ಕಟ್ಟುವ ಕೆಲಸದಲ್ಲಿದ್ದೇನೆ. ಜಿಲ್ಲಾ ಕೇಂದ್ರವೊಂದರಿಂದ ಹೊರಡುವ ಸಣ್ಣ ಮಾಸಪತ್ರಿಕೆಯೊಂದು ತನ್ನ ಡೊಮೇನನ್ನು, ಅಂದರೆ ಡಾಟ್ ಕಾಮ್ ಎಂದು ಕೊನೆಯಾಗುವ ವೆಬ್ ವಿಳಾಸವನ್ನು, ಕಳೆದುಕೊಂಡ ಮೇಲೆ, ಉಳಿದದ್ದನ್ನು ಹುಡುಕಿ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಆ ಸೈಟನ್ನು ಮಾಡಿಕೊಟ್ಟಿದ್ದ ಏಜೆನ್ಸಿಗೆ ಸಂಪಾದಕರು ವರ್ಷವರ್ಷವೂ ಹಣ ಕಟ್ಟುತ್ತಿದ್ದರು. ರಸೀದಿಗಳೆಲ್ಲ ಅವರ ಬಳಿ ಇವೆ. ಆದರೆ ಡೊಮೇನ್ ನೋಂದಾಯಿಸುವಾಗ ಏಜೆನ್ಸಿಯವರು ಮಾಲೀಕರ ಜಾಗದಲ್ಲಿ ತಮ್ಮ ನೌಕರನೊಬ್ಬನ ಹೆಸರನ್ನೂ ಅವನ ಸ್ವಂತ ಜಿಮೇಲ್ ವಿಳಾಸವನ್ನೂ ಹಾಕಿದ್ದರೆಂಬುದು ಹಳೆಯ ಮೇಲ್‌ಗೆ ಲಗತ್ತಾಗಿದ್ದ ಬಿಲ್ಲೊಂದರಿಂದ ಗೊತ್ತಾಯಿತು. ಮನೆ ಕಟ್ಟಿದ ಮೇಸ್ತ್ರಿಯ ಹೆಸರಿಗೇ ನಿವೇಶನದ ಖಾತೆ ಮಾಡಿಸಿದಂತೆ ಇದು. ನೌಕರ ಕೆಲಸ ಬಿಟ್ಟು ಹೋದ, ಏಜೆನ್ಸಿಯೂ ಬಾಗಿಲು ಹಾಕಿತು.

ಡೊಮೇನ್ ಅವಧಿ ಮುಗಿಯುವುದಕ್ಕೆ ಸುಮಾರು ಒಂದು ತಿಂಗಳು ಮೊದಲು, ಒಂದು ವಾರ ಮೊದಲು ಮತ್ತು ಮುಗಿದ 5 ದಿನಗಳೊಳಗೆ ಮತ್ತೊಮ್ಮೆ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡುವ ಕಂಪನಿ) ಸೂಚನೆ ಕಳುಹಿಸಬೇಕೆಂಬುದು ಜಗತ್ತಿನ ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮ. ಆದರೆ ಆ ಸೂಚನೆ ಹೋಗುವುದು ದಾಖಲೆಯಲ್ಲಿರುವ ಮಾಲೀಕರಿಗೆ. ಹಾಗಾಗಿ ಸಂಪಾದಕರಿಗೆ ಒಂದು ಸಾಲೂ ತಲುಪಲಿಲ್ಲ. ಅವಧಿ ಮೀರಿದ ಡಾಟ್ ಕಾಮ್ ಹೆಸರು ಗರಿಷ್ಠ 45 ದಿನ ರಿಜಿಸ್ಟ್ರಾರ್ ಕೈಯಲ್ಲಿರಬಹುದು, ಅಳಿಸಿದ ಬಳಿಕವೂ 30 ದಿನ ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಬಹುದು, ಅನಂತರದ 5 ದಿನ ಯಾರೂ ಏನೂ ಮಾಡುವಂತಿಲ್ಲ, ಆಮೇಲೆ ಅದು ಯಾರಿಗೆ ಬೇಕಾದರೂ ಸಿಗುತ್ತದೆ. ಹೀಗೆ ಬಿಡುಗಡೆಯಾಗುವ ಹೆಸರುಗಳಿಗಾಗಿಯೇ ತಂತ್ರಾಂಶ ಇಟ್ಟುಕೊಂಡು ಕಾದಿರುವವರಿದ್ದಾರೆ.

ಈಗ ಆ ವಿಳಾಸದಲ್ಲಿ ಹಣ ಕಟ್ಟಿ ಆಡುವ ಇಸ್ಪೀಟಿನ ಜಾಹೀರಾತುಗಳಿವೆ. ಪತ್ರಿಕೆಯ ಹಿಂಬದಿ ರಕ್ಷಾಪುಟದಲ್ಲಿ ಅಚ್ಚಾದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ, ಮಕ್ಕಳ ಕಥೆಯ ಪುಟ ತೆರೆಯಬೇಕಾದ ಕಡೆ ಅದೇ ಬರುತ್ತದೆ. ಹಳೆಯ ಸಂಚಿಕೆಗಳು ಗ್ರಂಥಾಲಯಗಳಲ್ಲಿರುವವರೆಗೂ ಬರುತ್ತಲೇ ಇರುತ್ತದೆ. ನನಗೆ ಅತ್ಯಂತ ನೋವು ತಂದದ್ದು ಇದು.

ಇದಕ್ಕಿಂತ ದೊಡ್ಡ ಅಪಾಯ ಇಮೇಲ್‌ನದು. ಹೆಸರು ಯಾರ ಕೈ ಸೇರಿದೆಯೋ ಅವರು ಆ ಡೊಮೇನಿನ ಎಲ್ಲ ಇಮೇಲ್ ವಿಳಾಸಗಳಿಗೆ ಬರುವ ಪತ್ರಗಳನ್ನೂ ಪಡೆಯಬಲ್ಲರು, ಪಾಸ್‌ವರ್ಡ್ ಬದಲಿಸುವ ಕೊಂಡಿಗಳೂ ಅದರಲ್ಲಿ ಸೇರುತ್ತವೆ. ಆದ್ದರಿಂದ ಪತ್ರಿಕೆಯ ಫೇಸ್‌ಬುಕ್ ಮತ್ತು ಯೂಟ್ಯೂಬ್ ಖಾತೆಗಳಲ್ಲಿ ಹಳೆಯ ಇಮೇಲನ್ನು ತೆಗೆದುಹಾಕುವ ಕೆಲಸವನ್ನೇ ನಾವು ಎಲ್ಲಕ್ಕಿಂತ ಮೊದಲು ಮಾಡಿದೆವು.

ಹೆಸರನ್ನು ಮರಳಿ ಪಡೆಯಲು ಯುಡಿಆರ್‌ಪಿ ಎಂಬ ವ್ಯಾಜ್ಯ ವ್ಯವಸ್ಥೆ ಇದೆ. ಆದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಾದ ವೈಪೊ ಮುಂದೆ ಏಕ ಸದಸ್ಯ ಸಮಿತಿಗೆ ಹೋದರೂ 1,500 ಡಾಲರ್ ಶುಲ್ಕ, ಜೊತೆಗೆ ಟ್ರೇಡ್‌ಮಾರ್ಕ್ ಹಕ್ಕನ್ನು ಸಾಬೀತುಪಡಿಸಬೇಕು. ಸಣ್ಣ ಪತ್ರಿಕೆಗೆ ಇದು ಆಗುವ ಮಾತಲ್ಲ. ಲೇಖನಗಳಲ್ಲಿ ಕೆಲವು, ಹಳೆಯ ವೆಬ್ ಪುಟಗಳ ಪ್ರತಿ ಉಳಿಸಿಡುವ ವೇಬ್ಯಾಕ್ ಮಷೀನ್ ಎಂಬ ತಾಣದಲ್ಲಿ ಸಿಕ್ಕವು; ಚಿತ್ರಗಳು ಹೆಚ್ಚಿನವು ಸಿಗಲಿಲ್ಲ.

ನಿಮ್ಮ ರಿಜಿಸ್ಟ್ರಾರ್ ಯಾರು, ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಐಕ್ಯಾನ್‌ನ ಲುಕಪ್ ಪುಟದಲ್ಲಿ ಯಾರು ಬೇಕಾದರೂ ನೋಡಬಹುದು. ಮಾಲೀಕರ ಹೆಸರು ಅಲ್ಲಿ ಮರೆಯಾಗಿರುವುದೇ ಹೆಚ್ಚು, ಹಾಗಾಗಿ ರಿಜಿಸ್ಟ್ರಾರ್ ಖಾತೆಯ ಒಳಗೆ ಹೋಗಿಯೇ ನೋಡಬೇಕು. ಅಲ್ಲಿ ನಿಮ್ಮ ಸಂಸ್ಥೆಯ ಹೆಸರಿಲ್ಲದಿದ್ದರೆ ಕೂಡಲೇ ಬದಲಿಸಿಕೊಳ್ಳಿ, ಸಂಪರ್ಕಕ್ಕೆ ಅದೇ ಡೊಮೇನಿನ ಇಮೇಲ್ ಕೊಡದೆ ಬೇರೊಂದನ್ನು ಕೊಡಿ. ಖಾತೆಯ ಕೀಲಿ ಏಜೆನ್ಸಿಯ ಬಳಿಯೇ ಇದ್ದರೆ, ಅವರು ಇನ್ನೂ ಫೋನ್ ಎತ್ತುತ್ತಿರುವಾಗಲೇ ಡೊಮೇನನ್ನು ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ಬೇಕಾದ ವರ್ಗಾವಣೆಯ ಕೋಡನ್ನು ಲಿಖಿತವಾಗಿ ಕೇಳಿ ಪಡೆಯಿರಿ.